ಟ್ಯಾಂಕ್ ತೊಳೆದರೂ ನೀರು ನಾರುತ್ತಿದೆ, ಯಾಕೆ?

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟದ ಮನೆ. ಜೊತೆಗೆ ನಾಲ್ಕು ರೂಮಿನ ಹೋಂಸ್ಟೇ ಇದೆ. ನೀರು ಗುಡ್ಡದ ಅಬ್ಬಿಯದು, ಅಂದರೆ ಮೇಲಿನಿಂದ ಇಳಿಯುವ ಸಣ್ಣ ಝರಿಯದು. ಸುಮಾರು 400 ಮೀಟರ್ ದೂರದಿಂದ, ನೂರಡಿ ಎತ್ತರದಿಂದ ಒಂದಿಂಚಿನ ಕಪ್ಪು ಪೈಪಿನಲ್ಲಿ ತಾನಾಗಿ ಇಳಿದು 2000 ಲೀಟರ್ ಟ್ಯಾಂಕ್‌ಗೆ ಬರುತ್ತದೆ. ಟ್ಯಾಂಕಿಗೆ ಫ್ಲೋಟ್ ವಾಲ್ವ್ ಇದೆ. ಈ ಮಳೆಗಾಲ ಮುಗಿದ ಮೇಲೆ ಬೆಳಿಗ್ಗೆ ನಲ್ಲಿ ಬಿಟ್ಟ ಕೂಡಲೇ ಕೊಳೆತ ವಾಸನೆ. ಐದು ನಿಮಿಷ ಬಿಟ್ಟರೆ ಹೋಗುತ್ತದೆ. ಶವರ್ ಜಾಲರಿ ಬಿಚ್ಚಿದರೆ ಕಂದು ಬಣ್ಣದ ಲೋಳೆ. ಬಚ್ಚಲ ಮೂಲೆಯಲ್ಲಿ ಗುಲಾಬಿ ಬಣ್ಣದ ಪದರ. ಎರಡು ಸಲ ಟ್ಯಾಂಕ್ ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿದೆವು. ಹತ್ತು ದಿನ ಚೆನ್ನಾಗಿತ್ತು, ಮತ್ತೆ ಅದೇ ಕತೆ. ಭಾವ ಆರ್‌ಒ ಹಾಕಿಸಿ ಅಂತಾರೆ. ಅಂಗಡಿಯವರು ನಾಲ್ಕು ಪದರದ ಹೊಸ ಟ್ಯಾಂಕ್ ತಗೊಳ್ಳಿ ಅಂತಾರೆ. ಅಪ್ಪ, ಮೂರು ತಲೆಮಾರು ಕುಡಿದ ಅಬ್ಬಿ ನೀರಿಗೆ ಏನಾಗಿದೆ, ಪೇಟೆಯವರ ಮೂಗೇ ಸರಿ ಇಲ್ಲ ಅಂತಾರೆ. ಮಂಗಗಳು ಟ್ಯಾಂಕಿನ ಮುಚ್ಚಳ ತೆಗೆದು ನೀರು ಕುಡಿಯುತ್ತವೆ, ಅದರಿಂದ ಮಂಗನ ಕಾಯಿಲೆ ಬರಬಹುದಾ ಅನ್ನುವ ಹೆದರಿಕೆಯೂ ಇದೆ. ಏನು ಮಾಡುವುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಮಾತು ನನಗೆ ತುಂಬ ಉಪಯೋಗಕ್ಕೆ ಬಂದವು. ವಾಸನೆ ಬೆಳಗಿನ ಮೊದಲ ನೀರಿಗೆ ಮಾತ್ರ, ಆಮೇಲೆ ಇಲ್ಲ. ಟ್ಯಾಂಕ್ ತೊಳೆದರೆ ಹತ್ತು ದಿನ ಸರಿ, ಆಮೇಲೆ ಮತ್ತೆ ಶುರು. ಅಬ್ಬಿಯೇ ಕೆಟ್ಟಿದ್ದರೆ ವಾಸನೆ ದಿನವಿಡೀ ಇರಬೇಕಿತ್ತು. ಟ್ಯಾಂಕ್ ಕೆಟ್ಟಿದ್ದರೆ ತೊಳೆದ ಮೇಲೆ ಅಷ್ಟು ಬೇಗ ವಾಪಸ್ ಬರಬಾರದಿತ್ತು. ಉಳಿದದ್ದು ಪೈಪು. ರಾತ್ರಿಯಿಡೀ ಪೈಪಿನೊಳಗೆ ನಿಂತ ನೀರೇ ಬೆಳಿಗ್ಗೆ ನಿಮ್ಮ ಅತಿಥಿಗಳ ಮೂಗಿಗೆ ಬಡಿಯುತ್ತಿದೆ.

ನನ್ನ ಮಾತನ್ನು ಸುಮ್ನೆ ನಂಬಬೇಡಿ, ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ ನೋಡಿ. ಮುಚ್ಚಳ ಇರುವ ಮೂರು ಗಾಜಿನ ಬಾಟಲಿ ತೊಳೆದು ಒಣಗಿಸಿ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮುಂಚೆ ಅಬ್ಬಿಯಲ್ಲಿ ಒಂದು, ಟ್ಯಾಂಕಿಗೆ ನೀರು ಬೀಳುವ ಬಾಯಲ್ಲಿ ಒಂದು, ಕೊನೆಯ ರೂಮಿನ ಬಚ್ಚಲಲ್ಲಿ ಒಂದು ತುಂಬಿಕೊಳ್ಳಿ. ಅರ್ಧ ಬಾಟಲಿ ಸಾಕು. ಮುಚ್ಚಿ ಚೆನ್ನಾಗಿ ಕುಲುಕಿ, ಮುಚ್ಚಳ ತೆಗೆದ ತಕ್ಷಣ ಮೂಸಿ. ಟ್ಯಾಂಕಿನ ಬಾಯಲ್ಲೇ ವಾಸನೆ ಇದ್ದರೆ ಗುಡ್ಡದ ಪೈಪಿನಲ್ಲಿ ತೊಂದರೆ. ಬಚ್ಚಲಲ್ಲಿ ಮಾತ್ರ ಇದ್ದರೆ ಮನೆಯೊಳಗಿನ ಪೈಪಿನಲ್ಲಿ. ಬಿಸಿನೀರಿಗೆ ಮಾತ್ರ ಇದ್ದರೆ ಪೈಪನ್ನು ಬಿಟ್ಟು ಸೋಲಾರ್ ಅಥವಾ ಗೀಸರ್ ಕಡೆ ನೋಡಿ. ಗೀಸರ್ ಟ್ಯಾಂಕ್ ತುಕ್ಕು ಹಿಡಿಯದಿರಲಿ ಅಂತ ಒಳಗೆ ಮೆಗ್ನೀಷಿಯಂ ಸರಳು ಹಾಕಿರುತ್ತಾರೆ. ಕೆಲವು ನೀರಿನಲ್ಲಿ ಅದೇ ಕೊಳೆತ ಮೊಟ್ಟೆಯ ವಾಸನೆಗೆ ಕಾರಣ. ಅದಕ್ಕೆ ಮೆಕ್ಯಾನಿಕ್ ಬೇಕು, ಬ್ಲೀಚಿಂಗ್ ಪೌಡರ್ ಅಲ್ಲ.

ವಾಸನೆ ಕೊಳೆತದ್ದಲ್ಲ, ಹಸಿ ಮಣ್ಣಿನದು ಅನ್ನಿಸಿದರೆ ಗಾಬರಿ ಬೇಡ. ಕೆಲವು ಪಾಚಿ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಬಿಡುವ ಜಿಯೋಸ್ಮಿನ್ ಅನ್ನುವ ವಸ್ತು ಅದು. ಅದರಿಂದ ಕಾಯಿಲೆ ಬರುವುದಿಲ್ಲ, ಆದರೆ ನಮ್ಮ ಮೂಗು ಅದನ್ನು ತೀರಾ ಕಡಿಮೆ ಇದ್ದಾಗಲೂ ಹಿಡಿದುಬಿಡುತ್ತದೆ.

ಇನ್ನು ನಿಮ್ಮ ಅಪ್ಪನ ಮಾತು. ಅವರು ಅರ್ಧ ಸರಿ. ಅವರ ಕಾಲದಲ್ಲಿ ನೀರು ಅಡಿಕೆ ದಂಬೆಯಲ್ಲಿ, ಅಂದರೆ ಅಡಿಕೆ ಮರ ಸೀಳಿ ಮಾಡಿದ ತೆರೆದ ಕಾಲುವೆಯಲ್ಲಿ, ಬರುತ್ತಿತ್ತು ಅಲ್ವಾ? ದಂಬೆಗೆ ನಲ್ಲಿ ಇರಲಿಲ್ಲ, ವಾಲ್ವ್ ಇರಲಿಲ್ಲ. ಹಗಲು ರಾತ್ರಿ ಹರಿಯುತ್ತಲೇ ಇರುತ್ತಿತ್ತು. ಬೇಕಾದಷ್ಟು ಹಿಡಿದುಕೊಂಡು ಉಳಿದದ್ದನ್ನು ತೋಟಕ್ಕೆ ಬಿಡುತ್ತಿದ್ದರು. ದಂಬೆ ಹಾಳಾದರೆ ಬದಲಾಯಿಸುತ್ತಿದ್ದರು. ಈಗ ಅದೇ ನೀರು ಮುಚ್ಚಿದ ಪೈಪಿನಲ್ಲಿ ಬರುತ್ತದೆ. ಟ್ಯಾಂಕ್ ತುಂಬಿದ ಕೂಡಲೇ ಫ್ಲೋಟ್ ವಾಲ್ವ್ ಮುಚ್ಚುತ್ತದೆ, ಗುಡ್ಡದಿಂದ ಮನೆವರೆಗೆ ನೀರು ನಿಂತುಬಿಡುತ್ತದೆ. ಒಂದಿಂಚಿನ ಪೈಪಿನಲ್ಲಿ ಮೀಟರಿಗೆ ಅರ್ಧ ಲೀಟರ್ ಹಿಡಿಯುತ್ತದೆ. ನಿಮ್ಮ 400 ಮೀಟರ್‌ಗೆ 200 ಲೀಟರ್. ಕಪ್ಪು ಪೈಪು ನೆಲದ ಮೇಲೇ ಮಲಗಿದ್ದರೆ ಹಗಲಿನ ಬಿಸಿಲಿಗೆ ಒಳಗಿನ ನೀರು ಬೆಚ್ಚಗಾಗುತ್ತದೆ. ವಾರದ ನಡುವೆ ಅತಿಥಿಗಳಿಲ್ಲದಿದ್ದರೆ ಇದು ಇನ್ನೂ ಜಾಸ್ತಿ.

ಅಪ್ಪನ ಮಾತಿನ ಇನ್ನರ್ಧ ಒಪ್ಪುವುದು ಕಷ್ಟ. ಗುಡ್ಡದ ನೀರು ಅಂದ ಮಾತ್ರಕ್ಕೆ ಶುದ್ಧ ಅಲ್ಲ. ಮೇಲೆ ದನ ಮೇಯುತ್ತವೆ, ಹಂದಿ ಹೊರಳುತ್ತವೆ, ಸೊಪ್ಪಿನ ಬೆಟ್ಟದ ದರಕೆಲ್ಲ, ಅಂದರೆ ಉದುರಿದ ಒಣ ಎಲೆಯೆಲ್ಲ, ಮೊದಲ ಮಳೆಗೆ ಕೊಚ್ಚಿ ಬರುತ್ತದೆ. ಮನೆಯವರ ಹೊಟ್ಟೆಗೆ ಅದು ಅಭ್ಯಾಸ ಆಗಿರಬಹುದು. ಬೆಂಗಳೂರಿನಿಂದ ಬಂದ ಮಗುವಿಗೆ ಆ ಅಭ್ಯಾಸ ಇರುವುದಿಲ್ಲ. ದುಡ್ಡು ತಗೊಂಡು ನೀರು ಕೊಡುವವರು ಅಷ್ಟು ಎಚ್ಚರ ವಹಿಸಲೇಬೇಕು.

ಈಗ ಲೋಳೆಗೆ ಬರೋಣ. ಹರಿಯುವ ನೀರಿನಲ್ಲಿರುವ ಬ್ಯಾಕ್ಟೀರಿಯಾ ಪೈಪಿನ ಗೋಡೆಗೆ ಅಂಟಿಕೊಂಡು ತಮ್ಮ ಸುತ್ತ ಅಂಟಿನಂಥ ಪದರ ಕಟ್ಟಿಕೊಳ್ಳುತ್ತವೆ. ಎಲೆ ಕೊಳೆತ ರಸ, ಸಣ್ಣ ಮಣ್ಣು, ಕಬ್ಬಿಣದ ಅಂಶ ಎಲ್ಲ ಅದಕ್ಕೆ ಆಹಾರ. ನಮ್ಮ ಕಡೆಯದು ಜಂಬಿಟ್ಟಿಗೆ ನೆಲ, ಕಬ್ಬಿಣಕ್ಕೆ ಬರ ಇಲ್ಲ. ಅದಕ್ಕೇ ಲೋಳೆ ಕಂದು ಬಣ್ಣಕ್ಕಿರುತ್ತದೆ. ಪದರ ದಪ್ಪವಾದ ಹಾಗೆ ಒಳಗಡೆ ಗಾಳಿ ಹೋಗುವುದಿಲ್ಲ. ಗಾಳಿ ಇಲ್ಲದ ಕಡೆ ಬೇರೊಂದು ಜಾತಿಯ ಬ್ಯಾಕ್ಟೀರಿಯಾ ಬೆಳೆದು ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದೇ. ನೀರು ಹರಿಯುತ್ತಿದ್ದರೆ ಗೊತ್ತಾಗುವುದಿಲ್ಲ. ರಾತ್ರಿ ನಿಂತರೆ ಬೆಳಿಗ್ಗೆಗೆ ಸೇರಿಕೊಂಡಿರುತ್ತದೆ. ಪೈಪು ಕತ್ತರಿಸಿ ಒಳಗೆ ಬೆರಳು ಹಾಕಿ ನೋಡಿ. ಹೊಸ ಪೈಪು ನುಣ್ಣಗೆ, ಒಣ ಒಣ. ಲೋಳೆ ಕಟ್ಟಿದ ಪೈಪಿನಲ್ಲಿ ಬೆರಳು ಜಾರುತ್ತದೆ, ಉಗುರಿನ ಸಂದಿಯಲ್ಲಿ ಕಂದು ಮೆತ್ತುತ್ತದೆ.

ಬಚ್ಚಲ ಮೂಲೆಯ ಗುಲಾಬಿ ಪದರ ಬೇರೆ ಜಾತಿ. ಅದು ಸಾಮಾನ್ಯವಾಗಿ ಗಾಳಿಯಿಂದ ಬಂದು ಸೋಪಿನ ಕೊಳೆ ತಿಂದು ಒದ್ದೆ ಜಾಗದಲ್ಲಿ ಬೆಳೆಯುತ್ತದೆ. ಉಜ್ಜಿ ತೊಳೆದು, ಕಿಟಕಿ ತೆಗೆದು ಒಣಗಲು ಬಿಡಿ, ಅಷ್ಟೇ.

ನೀವು ಬ್ಲೀಚಿಂಗ್ ಪೌಡರ್ ಹಾಕಿದ್ದೂ ಯಾಕೆ ಕೈ ಕೊಟ್ಟಿತು? ಮೊದಲನೆಯದಾಗಿ ಟ್ಯಾಂಕಿಗೆ ಮಾತ್ರ ಹಾಕಿದ್ದೀರಿ. ಗುಡ್ಡದ ಪೈಪು ಟ್ಯಾಂಕಿಗಿಂತ ಮುಂಚೆ ಬರುತ್ತದೆ, ಅದಕ್ಕೆ ಹನಿ ಕ್ಲೋರಿನ್ ಕೂಡ ತಾಗಿಲ್ಲ. ಅಲ್ಲಿಂದ ದಿನಾ ಹೊಸ ಲೋಳೆ ಇಳಿದು ಬರುತ್ತಿದೆ. ಎರಡನೆಯದಾಗಿ ಮಣ್ಣು, ಗಸಿ, ಲೋಳೆ ಇದ್ದಲ್ಲಿ ಕ್ಲೋರಿನ್ ಅವನ್ನು ಸುಡುವುದರಲ್ಲೇ ಮುಗಿದುಹೋಗುತ್ತದೆ. ಲೋಳೆಯ ಮೇಲ್ಪದರ ಸಾಯುತ್ತದೆ, ಒಳಗಿನದು ಬದುಕುತ್ತದೆ, ವಾರದಲ್ಲಿ ಮತ್ತೆ ಚಿಗುರುತ್ತದೆ. ಮೂರನೆಯದು ಪೌಡರಿನದೇ ಕತೆ. ತಾಜಾ ಪೌಡರಿನಲ್ಲಿ ನೂರಕ್ಕೆ ಸುಮಾರು 30ರಷ್ಟು ಕ್ಲೋರಿನ್ ಇರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಚೀಲ ಬಿಚ್ಚಿ ಇಟ್ಟರೆ ತೇವ ಹಿಡಿದು ಗಂಟು ಕಟ್ಟುತ್ತದೆ, ಶಕ್ತಿ ಇಳಿಯುತ್ತಾ ಹೋಗುತ್ತದೆ. ಮುಚ್ಚಳ ತೆಗೆದಾಗ ಮೂಗಿಗೆ ಘಾಟು ಹೊಡೆಯದಿದ್ದರೆ ಅದು ಸುಣ್ಣಕ್ಕೆ ಸಮ. ಸಣ್ಣ ಪ್ಯಾಕೆಟ್ ತನ್ನಿ, ಸೀಲ್ ಇರುವುದನ್ನೇ ತನ್ನಿ.

ಹಾಗಾದರೆ ಸರಿಯಾಗಿ ಮಾಡುವುದು ಹೇಗೆ? ನೀರು ಬರುವ ದಾರಿಯಲ್ಲೇ ನೀವೂ ಬರಬೇಕು. ಮೊದಲು ಗುಡ್ಡದ ಪೈಪು, ಆಮೇಲೆ ಟ್ಯಾಂಕ್, ಕೊನೆಗೆ ಮನೆಯ ನಲ್ಲಿಗಳು. ಪ್ರತಿ ಹಂತದಲ್ಲೂ ಮೊದಲು ಕೊಳೆ ತೆಗೆಯಿರಿ, ಆಮೇಲೆ ಕ್ಲೋರಿನ್. ಅತಿಥಿಗಳಿಲ್ಲದ ಎರಡು ದಿನ ಇಟ್ಟುಕೊಳ್ಳಿ. ಕುಡಿಯಲು, ಅಡುಗೆಗೆ, ಕೊಟ್ಟಿಗೆಗೆ ಬೇಕಾದ ನೀರನ್ನು ಮುಂಚೆಯೇ ಹಿಡಿದಿಡಿ.

ಗುಡ್ಡದ ಪೈಪನ್ನು ಟ್ಯಾಂಕಿನಿಂದ ಬಿಚ್ಚಿ. ಇದನ್ನು ಮರೆತರೆ ಮೇಲಿನ ಕೊಳೆಯೆಲ್ಲ ಟ್ಯಾಂಕಿಗೇ ಬರುತ್ತದೆ. ಫ್ಲೋಟ್ ವಾಲ್ವ್ ಇಲ್ಲದೆ, ಬಾಯಿ ಪೂರ್ತಿ ಬಿಟ್ಟು ನೀರು ಹರಿಸಿ. ನೂರಡಿ ಎತ್ತರ ಇದ್ದರೆ ಒಳ್ಳೆಯ ರಭಸ ಬರಬೇಕು. 15 ಲೀಟರ್ ಬಕೆಟ್ ಅರ್ಧ ನಿಮಿಷದಲ್ಲಿ ತುಂಬಿದರೆ ಪೈಪಿನೊಳಗೆ ನೀರಿನ ವೇಗ ಸೆಕೆಂಡಿಗೆ ಸುಮಾರು 1 ಮೀಟರ್ ಇದೆ ಅಂತ ಲೆಕ್ಕ. ಗಸಿ ಎಬ್ಬಿಸಲು ಅಷ್ಟಾದರೂ ಬೇಕು. ಅದಕ್ಕಿಂತ ತೀರಾ ನಿಧಾನ ಇದ್ದರೆ ಎಲ್ಲೋ ಹೂಳು ಕೂತಿದೆ, ಇಲ್ಲವೇ ಉಬ್ಬಿನಲ್ಲಿ ಗಾಳಿ ಹಿಡಿದಿದೆ. ಪೈಪಿನ ದಾರಿಯಲ್ಲಿ ನಡೆದು ನೋಡಿ. ಹಳ್ಳ ದಾಟುವಲ್ಲಿ, ಬೇಲಿ ಕೆಳಗೆ ಇಳಿದು ಏರುವಲ್ಲಿ ಹೂಳು ನಿಲ್ಲುತ್ತದೆ. ಅಂಥ ತಗ್ಗಿನಲ್ಲಿ ಒಂದು ಟೀ (ಇಂಗ್ಲಿಷ್ T ಆಕಾರದ ಪೈಪು ಜೋಡಣೆ) ಮತ್ತು ವಾಲ್ವ್ ಹಾಕಿಸಿಕೊಂಡರೆ ಮುಂದೆ ಹೂಳು ಹೊರಬಿಡುವುದು ಐದು ನಿಮಿಷದ ಕೆಲಸ. ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಜಾಸ್ತಿ ಉಪಯೋಗದ ವಸ್ತು ಇನ್ನೊಂದಿಲ್ಲ.

ಲೋಳೆ ರಭಸಕ್ಕೆ ಬಗ್ಗದಿದ್ದರೆ ಸ್ಪಂಜು. ಪೈಪಿನ ಒಳಗಾತ್ರಕ್ಕಿಂತ ಚೂರು ದಪ್ಪದ ಮೆತ್ತನೆ ಸ್ಪಂಜಿನ ತುಂಡನ್ನು ಮೇಲಿನ ಬಾಯಲ್ಲಿ ತುರುಕಿ ನೀರು ಬಿಟ್ಟರೆ ಒತ್ತಡವೇ ಅದನ್ನು ತಳ್ಳಿಕೊಂಡು ಬರುತ್ತದೆ. ಮೊದಲು ಕಾಫಿ ಗಸಿಯಂಥ ಕರಿ ನೀರು, ಹಿಂದೆಯೇ ಲೋಳೆಯ ತುಣುಕು, ಕೊನೆಗೆ ಗುರುತೇ ಸಿಗದ ಬಣ್ಣದಲ್ಲಿ ಸ್ಪಂಜು. ಆದರೆ ದಾರಿಯಲ್ಲಿ ಗೇಟ್ ವಾಲ್ವ್, ಸಣ್ಣ ಗಾತ್ರದ ಜೋಡಣೆ, ಬೆಂಕಿಯಲ್ಲಿ ಬಿಸಿ ಮಾಡಿ ತುರುಕಿದ ಜಾಯಿಂಟ್ ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಲ್ಲಿ ಸಿಕ್ಕಿತು ಅಂತ ಹುಡುಕಿ ಪೈಪು ಕತ್ತರಿಸುವ ತಯಾರಿ ಇದ್ದರೆ ಮಾತ್ರ ಕೈ ಹಾಕಿ.

ಆಮೇಲೆ ಕ್ಲೋರಿನ್. ಅಬ್ಬಿಯ ಹತ್ತಿರ 200 ಲೀಟರ್ ಡ್ರಮ್ ಇಟ್ಟು ಅಲ್ಲಿನ ನೀರೇ ತುಂಬಿ. ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿ ಕಲಸಿದ ಡ್ರಮ್ ಮಾತ್ರ ಬೇಡ, ಎಷ್ಟು ತೊಳೆದಿದ್ದರೂ ಬೇಡ. 35ರಿಂದ 40 ಗ್ರಾಂ ಪೌಡರನ್ನು ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೀರು ಹಾಕಿ ಕಲಸಿ ಅರ್ಧ ಗಂಟೆ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಡ್ರಮ್‌ಗೆ ಸುರಿಯಿರಿ. ಗಸಿ ಸುರಿದರೆ ಪೈಪಿನ ತಗ್ಗಿನಲ್ಲಿ ಅದೇ ಹೊಸ ಹೂಳಾಗುತ್ತದೆ. ಪೈಪನ್ನು ಡ್ರಮ್ಮಿನ ತಳದ ಬಾಯಿಗೆ ಜೋಡಿಸಿ, ಕೆಳಗಡೆ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗಿ. ಕೆಳಗೆ ಕ್ಲೋರಿನ್ ಘಾಟು ಬಂದ ಮೇಲೆ ಮುಚ್ಚಿ. ಒಂದು ಡ್ರಮ್ ಸಾಲದು, ಒಂದೂವರೆ ಬೇಕಾಗಬಹುದು. ಡ್ರಮ್ ಖಾಲಿಯಾಗಿ ಪೈಪಿಗೆ ಗಾಳಿ ಎಳೆಯುವ ಮುಂಚೆ ಮುಚ್ಚಬೇಕು. ಮೇಲೊಬ್ಬರು ಕೆಳಗೊಬ್ಬರು ಇರಲಿ, ನೆಟ್‌ವರ್ಕ್ ಸಿಗದ ಕಡೆ ಕೂಗಿದರೆ ಕೇಳುವ ಹಾಗೆ ನಡುವೆ ಇನ್ನೊಬ್ಬರು. ಒಂದು ರಾತ್ರಿ ಹಾಗೇ ಬಿಟ್ಟು ಮಾರನೆಯ ದಿನ ಘಾಟು ಹೋಗುವವರೆಗೆ ಹೊರಗೆ ಹರಿಸಿ. ಹಳ್ಳಕ್ಕೆ, ಕೆರೆಗೆ ಬಿಡಬೇಡಿ. ಮೀನು, ಕಪ್ಪೆ ಸಾಯುತ್ತವೆ. ಅಡಿಕೆ ಬುಡಕ್ಕೂ ಒಂದೇ ಕಡೆ ಬೇಡ. ಬಿಸಿಲು ಬೀಳುವ ಬಯಲಲ್ಲಿ ಹರಡಿ ಬಿಟ್ಟರೆ ಕ್ಲೋರಿನ್ ತಾನಾಗಿ ಆರಿಹೋಗುತ್ತದೆ.

ಪೈಪು ನೆನೆಯುತ್ತಿರುವಾಗಲೇ ಟ್ಯಾಂಕ್ ಖಾಲಿ ಮಾಡಿ. ತಳದ ಗಸಿಯನ್ನು ಮಗ್ಗಿನಲ್ಲಿ ತೋಡಿ, ನಲ್ಲಿಯ ಮೂಲಕ ಬಿಡಬೇಡಿ. ಗೋಡೆಯನ್ನು ನೈಲಾನ್ ಬ್ರಷ್‌ನಿಂದ ಉಜ್ಜಿ. ಕಬ್ಬಿಣದ ಬ್ರಷ್ ಗೀರು ಮಾಡುತ್ತದೆ, ಗೀರಿನಲ್ಲಿ ಲೋಳೆ ಮನೆ ಮಾಡುತ್ತದೆ. ಟ್ಯಾಂಕಿಗೆ ಇಳಿಯುವುದಾದರೆ ಮೇಲೊಬ್ಬರು ನಿಂತಿರಲೇಬೇಕು, ಒಳಗೆ ಪೌಡರ್ ಒಯ್ಯಲೇಬಾರದು.

ಪೈಪು ತೊಳೆದಾದ ಮೇಲೆ ಟ್ಯಾಂಕ್ ತುಂಬಿಸಿ. 2000 ಲೀಟರ್‌ಗೆ ಸುಮಾರು 330 ಗ್ರಾಂ ತಾಜಾ ಪೌಡರ್, ಅದೇ ರೀತಿ ತಿಳಿ ಮಾತ್ರ. ಇದು ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ಕುಡಿಯುವ ಪ್ರಮಾಣ ಅಲ್ಲವೇ ಅಲ್ಲ, ಪೈಪು ತೊಳೆಯುವ ಪ್ರಮಾಣ. ಆಮೇಲೆ ಪ್ರತಿ ನಲ್ಲಿಯನ್ನೂ ಘಾಟು ಬರುವವರೆಗೆ ಬಿಟ್ಟು ಮುಚ್ಚಿ. ಹಾಯಿದೋಣಿಯಲ್ಲಿ ತಿಂಗಳುಗಟ್ಟಲೆ ಸಮುದ್ರದ ಮೇಲಿರುವವರು ಕುಡಿಯುವ ನೀರಿನ ಟ್ಯಾಂಕನ್ನು ಹೀಗೇ ತೊಳೆಯುತ್ತಾರೆ. ಟ್ಯಾಂಕಿಗೆ ಕ್ಲೋರಿನ್, ಎಲ್ಲ ನಲ್ಲಿಗೂ ಘಾಟು, ಒಂದು ರಾತ್ರಿ, ಆಮೇಲೆ ಸಿಹಿನೀರಿನಲ್ಲಿ ಜಾಲಿಸುವುದು. ಅವರು ಮರೆಯುವುದು ದೋಣಿಯ ಹಿಂದಿನ ಸಣ್ಣ ಶವರ್. ನಮ್ಮಲ್ಲಿ ಮರೆಯುವುದು ಕಮೋಡಿನ ಪಕ್ಕದ ಹ್ಯಾಂಡ್ ಶವರ್, ವಾಷಿಂಗ್ ಮೆಷಿನ್ ಪೈಪು, ಅಂಗಳದ ನಲ್ಲಿ. ಬಿಟ್ಟ ಒಂದೇ ತುಂಡಿನಿಂದ ಮತ್ತೆ ಎಲ್ಲ ಕಡೆ ಹಬ್ಬುತ್ತದೆ.

ಅಡುಗೆ ಮನೆಯ ಫಿಲ್ಟರ್ ಇದ್ದರೆ ಮೊದಲೇ ಬಿಚ್ಚಿಡಿ. ಸೋಲಾರ್ ಟ್ಯಾಂಕಿಗೆ ಈ ನೀರು ಹೋಗದಂತೆ ವಾಲ್ವ್ ಮುಚ್ಚಿ. ಇಷ್ಟು ಗಟ್ಟಿ ಕ್ಲೋರಿನ್ ಬಿಸಿಯಲ್ಲಿ ರಾತ್ರಿಯಿಡೀ ನಿಂತರೆ ಸ್ಟೀಲಿಗೆ ಒಳ್ಳೆಯದಲ್ಲ. ಯಾರೂ ಬಳಸದಂತೆ ಪ್ರತಿ ನಲ್ಲಿಗೂ ಪಟ್ಟಿ ಅಂಟಿಸಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಟ್ಯಾಂಕಿನ ನೀರನ್ನು ಹೊರಗಿನ ವಾಲ್ವ್‌ನಿಂದ ಬಯಲಿಗೆ ಖಾಲಿ ಮಾಡಿ. 2000 ಲೀಟರ್ ಅಷ್ಟೂ ಬಚ್ಚಲು ಮೂಲಕ ಬಿಟ್ಟರೆ ಸೆಪ್ಟಿಕ್ ಟ್ಯಾಂಕಿನ ಕೆಲಸಗಾರ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಪೈಪಿನಲ್ಲಿ ಉಳಿದದ್ದು ಸ್ವಲ್ಪವೇ, ಅದು ನಲ್ಲಿಯಲ್ಲಿ ಹೋದರೆ ತೊಂದರೆ ಇಲ್ಲ. ಆಮೇಲೆ ಹೊಸ ನೀರು ತುಂಬಿಸಿ ಘಾಟು ಹೋಗುವವರೆಗೆ ಜಾಲಿಸಿ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಆ ದಿನ ಬಚ್ಚಲಿಗೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಹಾಕಬೇಡಿ. ಬ್ಲೀಚಿಂಗ್ ಪೌಡರ್‌ಗೆ ಆಸಿಡ್ ತಾಗಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಶವರ್ ಜಾಲರಿಯನ್ನು ನಿಂಬೆರಸದಲ್ಲೋ ವಿನೆಗರ್‌ನಲ್ಲೋ ನೆನೆಹಾಕುವುದಿದ್ದರೂ ಬೇರೆ ದಿನ ಮಾಡಿ.

ಇಷ್ಟೆಲ್ಲ ಮಾಡಿ ಫ್ಲೋಟ್ ವಾಲ್ವನ್ನು ಹಾಗೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ನಿಮ್ಮಿಂದ ಇನ್ನೊಂದು ಪತ್ರ ಬರುತ್ತದೆ. ನನ್ನ ಸಲಹೆ, ಅಬ್ಬಿಯಲ್ಲಿ ನೀರಿರುವವರೆಗೆ ಫ್ಲೋಟ್ ವಾಲ್ವ್ ತೆಗೆದುಬಿಡಿ. ಟ್ಯಾಂಕ್ ತುಂಬಿ ಹೆಚ್ಚಾದ ನೀರು ದೊಡ್ಡ ಪೈಪಿನಲ್ಲಿ ತೋಟಕ್ಕೋ ಬಸಿಗಾಲುವೆಗೋ ಹೋಗಲಿ. ದಂಬೆ ಮಾಡುತ್ತಿದ್ದ ಕೆಲಸ ಇದೇ. ನಿಮಿಷಕ್ಕೆ 5 ಲೀಟರ್ ಹರಿದರೂ 40 ನಿಮಿಷಕ್ಕೆ ಇಡೀ ಪೈಪಿನ ನೀರು ಬದಲಾಗುತ್ತದೆ. ಹರಿವು ಕಡಿಮೆ ಮಾಡುವುದಿದ್ದರೆ ಟ್ಯಾಂಕಿನ ತುದಿಯಲ್ಲಿ ಮಾಡಿ, ಅಬ್ಬಿಯ ತುದಿಯಲ್ಲಿ ಅಲ್ಲ. ಮೇಲೆ ಬಿಗಿದರೆ ಪೈಪು ಅರ್ಧ ಖಾಲಿ ಓಡುತ್ತದೆ, ಸಡಿಲ ಜಾಯಿಂಟಿನಲ್ಲಿ ಗಾಳಿಯನ್ನೂ ಕೆಸರನ್ನೂ ಒಳಗೆ ಎಳೆದುಕೊಳ್ಳುತ್ತದೆ. ನಿಧಾನ ಹರಿವಿನಲ್ಲಿ ಗಸಿ ಕೂರುವುದು ನಿಜ. ಅದಕ್ಕೆ ತಿಂಗಳಿಗೊಮ್ಮೆ ತಗ್ಗಿನ ವಾಲ್ವ್ ಪೂರ್ತಿ ಬಿಟ್ಟರಾಯಿತು. ಬೇಸಿಗೆಯಲ್ಲಿ ಅಬ್ಬಿ ಸಣ್ಣಗಾದಾಗ, ಕೆಳಗಿನ ಮನೆಯವರೂ ಅದೇ ನೀರು ನಂಬಿದ್ದರೆ, ಫ್ಲೋಟ್ ವಾಲ್ವ್ ವಾಪಸ್ ಹಾಕಿ.

ಅಬ್ಬಿಯ ಬಾಯಲ್ಲಿ ಜಾಲರಿ, ಅದರ ಕೆಳಗೆ ಮರಳು, ಮಣ್ಣು ಕೂರಲು ಒಂದು ಮುಚ್ಚಿದ ಡ್ರಮ್ ಇರಲಿ. ಸುತ್ತ ದನ ಬರದಂತೆ ಬೇಲಿ ಹಾಕಿ. ಜೂನಿನ ಮೊದಲ ದೊಡ್ಡ ಮಳೆಗೆ ಎರಡು ಮೂರು ದಿನ ಪೈಪನ್ನು ಅಬ್ಬಿಯಿಂದ ಬಿಚ್ಚಿಡಿ, ವರ್ಷದ ಕೊಳೆಯೆಲ್ಲ ಆಗಲೇ ಇಳಿಯುವುದು. ಅಬ್ಬಿಯ ಮೇಲುಗಡೆ ಯಾರದಾದರೂ ತೋಟ ಇದ್ದರೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನ ಹೇಳಿ ಅಂತ ಅವರಿಗೆ ತಿಳಿಸಿಡಿ. ಆ ದಿನ ಮತ್ತು ಮುಂದಿನ ಮಳೆ ಕಳೆಯುವವರೆಗೆ ನೀರು ತಿರುಗಿಸಿ ಬಿಡಿ. ಖಾಲಿ ರೂಮುಗಳ ನಲ್ಲಿಯನ್ನು ವಾರಕ್ಕೊಮ್ಮೆ ಐದು ನಿಮಿಷ ಬಿಡುವುದನ್ನು ಯಾರಾದರೊಬ್ಬರ ಕೆಲಸ ಅಂತ ಗೊತ್ತು ಮಾಡಿ. ಎಲ್ಲರ ಕೆಲಸ ಆದರೆ ಯಾರೂ ಮಾಡುವುದಿಲ್ಲ.

ಸೋಲಾರ್ ಬಗ್ಗೆಯೂ ಒಂದು ಮಾತು. ಮಳೆಗಾಲದಲ್ಲಿ ಬಿಸಿಲಿಲ್ಲದೆ ಅದರ ನೀರು ಉಗುರು ಬೆಚ್ಚಗೆ ವಾರಗಟ್ಟಲೆ ನಿಲ್ಲುತ್ತದೆ. 20ರಿಂದ 45 ಡಿಗ್ರಿ ನಡುವಿನ ನೀರಿನಲ್ಲಿ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು. ಕುಡಿದರೆ ಅಲ್ಲ, ಶವರಿನ ಸಣ್ಣ ಹನಿ ಉಸಿರಿನಲ್ಲಿ ಹೋದರೆ ನ್ಯುಮೋನಿಯಾ ತರುತ್ತದೆ. ವಯಸ್ಸಾದವರಿಗೆ ಜಾಸ್ತಿ ಅಪಾಯ. ಸೋಲಾರಿನ ಒಳಗೆ ಕರೆಂಟ್ ಕಾಯಿಲ್ ಇದ್ದರೆ ವಾರಕ್ಕೊಮ್ಮೆ, ಅತಿಥಿಗಳು ಬರುವ ಹಿಂದಿನ ದಿನ ತಪ್ಪದೆ, 60 ಡಿಗ್ರಿಗೆ ಕಾಯಿಸಿ. ಕೈ ಸುಡುವ ಬಿಸಿ ಅದು, ಮಕ್ಕಳನ್ನು ದೂರ ಇಡಿ.

ಈಗ ನಿಮಗೆ ಬಂದ ಸಲಹೆಗಳು. ಆರ್‌ಒ ಕೆಲಸ ನೀರಿನಲ್ಲಿ ಕರಗಿದ ಲವಣ ತೆಗೆಯುವುದು. ನಮ್ಮ ಅಬ್ಬಿ ನೀರು ಮೊದಲೇ ಮೆದು, ಲವಣ ಕಡಿಮೆ. ಅದಕ್ಕೆ ಆರ್‌ಒ ಹಾಕಿದರೆ ಒಳ್ಳೆಯ ನೀರಿನ ಒಂದು ಪಾಲು ಚರಂಡಿಗೆ ಹೋಗುತ್ತದೆ, ಬಚ್ಚಲ ವಾಸನೆ ಇದ್ದ ಹಾಗೇ ಇರುತ್ತದೆ. ದುಡ್ಡು ಉಳಿಸಿ. ಹೊಸ ಟ್ಯಾಂಕಿನ ಪದರಗಳು ಬಿಸಿಲು ತಡೆದು ಪಾಚಿ ಕಡಿಮೆ ಮಾಡುತ್ತವೆ, ಪೈಪಿನ ಲೋಳೆಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಟ್ಯಾಂಕ್ ಒಡೆದಿಲ್ಲ ಅಂದರೆ ಮುಚ್ಚಳ ಬದಲಾಯಿಸಿ ಸಾಕು. ಅಡುಗೆ ಮನೆಗೆ ಯುವಿ ಫಿಲ್ಟರ್, ಅಂದರೆ ಅತಿನೇರಳೆ ಬೆಳಕಿನಿಂದ ರೋಗಾಣು ಕೊಲ್ಲುವಂಥದು, ಒಳ್ಳೆಯದೇ. ಆದರೆ ನೀರು ಕದಡಿದ್ದರೆ ಬೆಳಕು ಒಳಗೆ ಹೋಗುವುದಿಲ್ಲ, ಮುಂದೆ ಒಂದು ಸೋಸುವ ಫಿಲ್ಟರ್ ಬೇಕು, ಕರೆಂಟ್ ಬೇಕು. ಆಷಾಢದಲ್ಲಿ ನಮ್ಮೂರ ಕರೆಂಟ್ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ. ಪಟಿಕ ನೀರನ್ನು ತಿಳಿ ಮಾಡುತ್ತದೆ ನಿಜ, ಆದರೆ ರೋಗಾಣು ಕೊಲ್ಲುತ್ತದೆ ಅಂತ ಅದನ್ನು ನಂಬಬೇಡಿ.

ದಿನಾ ಸ್ವಲ್ಪ ಕ್ಲೋರಿನ್ ಹಾಕುವುದು ಇನ್ನೊಂದು ದಾರಿ. ಕುಡಿಯುವ ನೀರಿನ ನಮ್ಮ ದೇಶದ ಮಾನದಂಡ, ಐಎಸ್ 10500, ಕ್ಲೋರಿನ್ ಹಾಕಿದ ನೀರಾದರೆ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ. ಅದಕ್ಕೆ ತುಂಬಿದ 2000 ಲೀಟರ್‌ಗೆ 7 ಗ್ರಾಂ ಪೌಡರಿನ ತಿಳಿ ಹಾಕಿ, ಅರ್ಧ ಗಂಟೆ ಬಿಟ್ಟು, ಬಣ್ಣ ಬದಲಾಗುವ ಕಿಟ್‌ನಲ್ಲಿ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಬೇಕು. ಕೆಲಸ ಮಾಡುತ್ತದೆ, ಆದರೆ ಟ್ಯಾಂಕಿಗೆ ಸದಾ ನೀರು ಹರಿಯುತ್ತಿದ್ದರೆ ಲೆಕ್ಕ ತಪ್ಪುತ್ತದೆ, ಕಾಫಿಯ ರುಚಿಯೂ ಹೋಗುತ್ತದೆ. ಕ್ಲೋರಿನ್ನಿಂದ ಕ್ಯಾನ್ಸರ್ ಅಂತ ಯಾರಾದರೂ ಹೆದರಿಸಿರಬಹುದು. ಎಲೆ ಕೊಳೆತ ನೀರಿಗೆ ಕ್ಲೋರಿನ್ ಸೇರಿದಾಗ ಬೇಡದ ಕೆಲವು ವಸ್ತು ಹುಟ್ಟುವುದು ನಿಜ. ಅದಕ್ಕೇ ಮೊದಲು ಕೊಳೆ ತೆಗೆಯಿರಿ ಅಂದಿದ್ದು. ಆ ಹೆದರಿಕೆಗೆ ರೋಗಾಣು ಕೊಲ್ಲುವುದನ್ನೇ ಬಿಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ನಿಮ್ಮ ಜಾಗಕ್ಕೆ ನಾನಾದರೆ ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮೇ ತಿಂಗಳಲ್ಲಿ ಮತ್ತು ದೀಪಾವಳಿ ಕಳೆದ ಮೇಲೆ, ಮೇಲಿನಿಂದ ಕೆಳಗಿನವರೆಗೆ ತೊಳೆಯುತ್ತೇನೆ. ನೀರು ನಿಲ್ಲದೆ ಹರಿಯಲು ಬಿಡುತ್ತೇನೆ. ಅತಿಥಿಗಳಿಗೆ ಕುಡಿಯಲು ಕುದಿಸಿದ ನೀರು. ತಳಮಳ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಲಾವಂಚದ ಬೇರು ಹಾಕುವವರು ಕುದಿಯುವಾಗಲೇ ಹಾಕಿ. ಆರಿದ ಮೇಲೆ ಹಾಕಿದರೆ ಬೇರಿನ ಮಣ್ಣನ್ನೂ ಕುಡಿಸಿದ ಹಾಗಾಯಿತು.

ಮಂಗನ ಕಾಯಿಲೆಯ ಹೆದರಿಕೆ ಸಹಜ. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆದರೆ ಅದು ಹರಡುವುದು ಉಣುಗಿನ ಕಡಿತದಿಂದ, ಕಾಯಿಲೆ ಬಿದ್ದ ಅಥವಾ ಆಗಷ್ಟೇ ಸತ್ತ ಮಂಗದ ಸಂಪರ್ಕದಿಂದ. ಮಂಗ ಕುಡಿದ ಟ್ಯಾಂಕಿನ ನೀರಿನಿಂದ ಬರುತ್ತದೆ ಅಂತ ಭಯ ಪಡಬೇಕಿಲ್ಲ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮುಚ್ಚಳ ತೆರೆದಿರುವುದರ ನಿಜವಾದ ಅಪಾಯ ಬೇರೆ. ಮಂಗದ ಹಿಕ್ಕೆಯಿಂದ ಭೇದಿ, ಇಲಿ ಉಚ್ಚೆಯಿಂದ ಇಲಿ ಜ್ವರ, ಸೊಳ್ಳೆ ಮೊಟ್ಟೆಯಿಟ್ಟರೆ ಡೆಂಗಿ. ಮುಚ್ಚಳವನ್ನು ಬೋಲ್ಟ್ ಹಾಕಿ ಬಿಗಿಯಿರಿ, ಹೆಚ್ಚಾದ ನೀರು ಹೋಗುವ ಪೈಪಿನ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ. ಕಲ್ಲು ಹೇರಿದರೆ ಆಗದು, ಮಂಗ ಅದನ್ನು ಎತ್ತಿ ಹೆಂಚಿನ ಮೇಲೆ ಎಸೆದು ಹೋಗುತ್ತದೆ.

ತೊಳೆದು ಒಂದು ವಾರ ಕಳೆದ ಮೇಲೆ ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯ್ತಿಗಳಿಗೆ ಕೊಟ್ಟಿರುವ ನೀರು ಪರೀಕ್ಷೆಯ ಕಿಟ್‌ನಲ್ಲಿ ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿ ಇರುತ್ತದೆ, ಕೇಳಿ ತಗೊಳ್ಳಿ. ನೀರು ತುಂಬಿ ಬೆಚ್ಚಗಿನ ಕಡೆ ಎರಡು ದಿನ ಇಟ್ಟಾಗ ಕಪ್ಪಾದರೆ ನೀರಿಗೆ ಹೊಲಸು ಸೇರಿರುವ ಸಾಧ್ಯತೆ ಇದೆ. ಅಬ್ಬಿಯದೊಂದು, ಬಚ್ಚಲದೊಂದು, ಎರಡು ಬಾಟಲಿ ಇಡಿ. ಬಚ್ಚಲದು ಮಾತ್ರ ಕಪ್ಪಾದರೆ ತೊಳೆಯುವಾಗ ಯಾವುದೋ ನಲ್ಲಿ ಬಿಟ್ಟುಹೋಗಿದೆ, ಇನ್ನೊಮ್ಮೆ ಮಾಡಿ. ಎರಡೂ ಕಪ್ಪಾದರೆ ಅಬ್ಬಿಯ ಮೇಲಕ್ಕೆ ನಡೆದು ನೋಡಿ. ಕೊಟ್ಟಿಗೆ, ಗೊಬ್ಬರಗುಂಡಿ, ಸತ್ತ ಪ್ರಾಣಿ, ಏನಾದರೂ ಸಿಗುತ್ತದೆ. ಸಿಗದಿದ್ದರೆ ಶಿವಮೊಗ್ಗದ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕೊಡಿ. ಬಾಟಲಿ ಅವರಿಂದಲೇ ತಗೊಳ್ಳಿ, ತಂಪಾಗಿಟ್ಟು ಅದೇ ದಿನ ತಲುಪಿಸಿ. ಫಲಿತಾಂಶ ಬರುವವರೆಗೆ ಹಲ್ಲುಜ್ಜಲೂ ಅತಿಥಿಗಳಿಗೆ ಕುದಿಸಿದ ನೀರನ್ನೇ ಇಡಿ.